ಹೊತ್ತಿಕೊಳ್ಳಲು ನಿರಾಕರಿಸಿದ ಹಲಗೆಗಳು

ಸುಡುವಸ್ತುಗಳ ಪರವಾನಗಿ ಅಧಿಕಾರಿಗಳಾದ ಮಾನ್ಯರೇ,

ಒಂದೇ ದಿನ, ಒಂದೇ ಮೇಜಿನ ಮುಂದೆ ಕೂತು, ಒಂದೇ ಪೆನ್ನಿನಿಂದ ತಾವು ಎರಡು ಆದೇಶಗಳಿಗೆ ಸಹಿ ಹಾಕಿದಿರಿ. ನನ್ನ ಅಕ್ಕ ತಯಾರಿಸುವ, ಬಿಸಿ ತಡೆಯುವ ಕಪ್ಪು ಹಲಗೆ ಸರಿಯಾಗಿ ಉರಿಯುವುದಿಲ್ಲ, ಆದ್ದರಿಂದ ಅದು ಕಳಪೆ ಇದ್ದಿಲು, ಅದರ ತಯಾರಿಕೆಯನ್ನು ನಿಲ್ಲಿಸತಕ್ಕದ್ದು ಎಂದು ಮೊದಲನೆಯದು. ಅದೇ ಹಲಗೆ ಇದ್ದಿಲಾದ ಕಾರಣ ಯಾವ ಗಳಿಗೆಯಲ್ಲಾದರೂ ಉರಿದೀತು, ಆದ್ದರಿಂದ ಲಾಂಡ್ರಿಯ ಬಾಯ್ಲರಿನ ಪಕ್ಕದ ಗೋಡೆಯಿಂದ ಅದನ್ನು ಕೂಡಲೇ ಕಿತ್ತುಹಾಕತಕ್ಕದ್ದು ಎಂದು ಎರಡನೆಯದು. ಉರಿಯದ ತಪ್ಪಿಗೆ ಒಂದು ಶಿಕ್ಷೆ, ಉರಿಯುವ ತಪ್ಪಿಗೆ ಇನ್ನೊಂದು. ಎರಡೂ ಚಾಚೂ ತಪ್ಪದೆ ಜಾರಿಯಾದವು. ಐದನೆಯ ದಿನ ಬೆಳಿಗ್ಗೆ ಆ ಗೋಡೆಗೆ ತಗುಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳ ಬಲಗೈ ಬೆಂದುಹೋಯಿತು. ತಮಗೂ ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರ ಆ ಕೈಯನ್ನು ಕುರಿತದ್ದು. ಆ ಕೈಗೆ ಸದ್ಯಕ್ಕೆ ಪೆನ್ನು ಹಿಡಿಯಲು ಬಾರದ ಕಾರಣ ನಾನು ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ತರ್ಕಶಾಸ್ತ್ರ ಕಲಿಸಿದವನು. ಒಂದು ವಸ್ತು ಒಂದೇ ಕಾಲಕ್ಕೆ ಹೀಗೂ ಇದ್ದು ಹೀಗಿಲ್ಲದೆಯೂ ಇರಲಾರದು ಎಂಬುದನ್ನು ಮೊದಲ ವಾರದಲ್ಲೇ ಹೇಳಿಕೊಡುತ್ತಿದ್ದೆ. ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಇವರೆಲ್ಲ ಮುಂದೆ ಏನಾಗುತ್ತಾರಪ್ಪಾ ಎಂದು ಆಗ ಕೊರಗುತ್ತಿದ್ದೆ. ತಮ್ಮ ಕಚೇರಿಯ ಮೆಟ್ಟಿಲು ಹತ್ತಿದ ಮೇಲೆ ಆ ಕೊರಗು ತೀರಿತು. ಎಲ್ಲರಿಗೂ ಕೆಲಸ ಸಿಕ್ಕಿದೆ.

ಮೊದಲು ಆ ಹಲಗೆ ಏನೆಂಬುದನ್ನು ಹೇಳಿಬಿಡುತ್ತೇನೆ. ತಾವು ಅದರ ಬಗ್ಗೆ ಎರಡು ಆದೇಶ ಹೊರಡಿಸಿದ್ದೀರಿ ಎಂದ ಮಾತ್ರಕ್ಕೆ ಅದು ಏನೆಂದು ತಮಗೆ ಗೊತ್ತಿರಬೇಕು ಎಂದು ಹಟ ಹಿಡಿಯುವಷ್ಟು ನಿರ್ದಯಿ ನಾನಲ್ಲ. ನನ್ನ ಅಕ್ಕ ಅದೇ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವಳು. ಪ್ರಾಧ್ಯಾಪಕರು ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸುವ ಮುಂಚೆ ಒಂದು ಸಲ ಓದಿಕೊಳ್ಳುವುದು ಅವಳ ಚಟ. ನಿವೃತ್ತಿಯಾದ ಮೇಲೆ ಲಾಂಡ್ರಿಯ ಹಿಂದಿನ ಶೆಡ್ಡು ಹಿಡಿದು ಒಂದು ಕುಲುಮೆ ಕಟ್ಟಿಸಿಕೊಂಡಳು. ಹೊಲದವರು ಬೆಂಕಿಗೆ ಹಾಕುವ ಮೆಕ್ಕೆಜೋಳದ ದಿಂಡು, ಎಣ್ಣೆ ಗಿರಣಿಯವರು ತಿಪ್ಪೆಗೆ ಸುರಿಯುವ ಕಡಲೆಕಾಯಿ ಸಿಪ್ಪೆ, ಇವೇ ಅವಳ ಸರಕು. ಅದನ್ನು ಕುಟ್ಟಿ, ಲಾಂಡ್ರಿಯ ಹರಿದ ಹಾಸುಬಟ್ಟೆಯಲ್ಲಿ ಜರಡಿ ಹಿಡಿದು, ಸಕ್ಕರೆ ಪಾಕದಲ್ಲಿ ಕಲಸಿ, ತಟ್ಟೆಗಳಲ್ಲಿ ಸುರಿದು ಸಣ್ಣ ಕಾವಿಗೆ ಎರಡು ದಿನ ಬಿಡುತ್ತಾಳೆ. ಅದು ತಾನೇ ತಾನಾಗಿ ಉಬ್ಬಿ, ಮೈತುಂಬ ತೂತು ಮಾಡಿಕೊಂಡು, ನೊರೆ ಗಟ್ಟಿಯಾದ ಹಾಗೆ ನಿಲ್ಲುತ್ತದೆ. ಆಮೇಲೆ ಗಾಳಿ ಹೊಗದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಕುಲುಮೆಗೆ ತಳ್ಳಿ, ಗಂಟೆಗೆ ಇಷ್ಟಿಷ್ಟೇ ಎಂದು ಕಾವು ಏರಿಸುತ್ತಾ ಎಂಟುನೂರು ಡಿಗ್ರಿಗೆ ಒಯ್ಯುತ್ತಾಳೆ. ಹೊಗೆಯಾಗಿ ಹೋಗಬೇಕಾದ್ದೆಲ್ಲ ಹೋಗಿ ಬರೀ ಇಂಗಾಲ ಉಳಿಯುತ್ತದೆ, ತೂತುಗಳ ಸಮೇತ. ಆ ತೂತುಗಳೇ ಅದರ ಗುಟ್ಟು. ಕಾವು ಅಲ್ಲಿ ದಾರಿ ತಪ್ಪಿ ಅಲೆಯುತ್ತದೆ, ತಮ್ಮ ಕಚೇರಿಯಲ್ಲಿ ಅರ್ಜಿ ಅಲೆಯುವ ಹಾಗೆ.

ಇದರಲ್ಲಿ ಕಷ್ಟದ ಕೆಲಸ ಕಾಯಿಸುವುದಲ್ಲವಂತೆ, ಕಾಯುವುದಂತೆ. ಪೆಟ್ಟಿಗೆ ಪೂರ್ತಿ ತಣ್ಣಗಾಗುವ ಮುಂಚೆ ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಹದಿನೈದು ದಿನದ ಕೆಲಸ ಬೂದಿಯಾಗುತ್ತದೆ. ಅಕ್ಕ ಬೆರಳಿಗೆ ನೀರು ಹಚ್ಚಿ ಮುಚ್ಚಳಕ್ಕೆ ತಾಗಿಸುತ್ತಾಳೆ. ‘ಚುಂಯ್’ ಎಂದರೆ ಹೊರಗೆ ಬಂದು ಕೂರುತ್ತಾಳೆ. ಮೊದಲ ವರ್ಷ ತಯಾರಾದ ಹಲಗೆಗಳೆಲ್ಲ ಒಡೆದವು. ಎರಡನೆಯ ವರ್ಷ ಬಾಗಿದವು. ಮೂರನೆಯ ವರ್ಷ ಒಂದು ಪೌಂಡು ಬ್ರೆಡ್ಡಿಗಿಂತ ಹಗುರವಾದ, ಸಿಮೆಂಟು ಚೀಲದಷ್ಟು ಅಗಲದ ಕಪ್ಪು ಹಲಗೆಯೊಂದನ್ನು ಹೊರತಂದು, ಅದರ ಒಂದು ಮಗ್ಗುಲಿಗೆ ಸ್ಟೌ ಹಚ್ಚಿ, ಇನ್ನೊಂದು ಮಗ್ಗುಲಿಗೆ ತನ್ನ ಕೆನ್ನೆ ಒತ್ತಿ ನಿಂತಳು. ಅರುವತ್ತು ದಾಟಿದ ಹೆಂಗಸು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

ಇನ್ನು ಗೋಡೆಯ ವಿಚಾರ. ಲಾಂಡ್ರಿಯ ಇಸ್ತ್ರಿ ಕೋಣೆಯ ಅಗಲ ಏಳು ಅಡಿ. ಅದರಲ್ಲಿ ಮೇಜು ನಾಲ್ಕು ಅಡಿ. ಉಳಿದದ್ದರಲ್ಲಿ ಆರು ಜನ ಹೆಂಗಸರು ಸಾಲಾಗಿ ನಿಂತು ಕೆಲಸ ಮಾಡುತ್ತಾರೆ. ಅವರ ಬೆನ್ನ ಹಿಂದೆ ತಗಡಿನ ಗೋಡೆ, ಗೋಡೆಯ ಹಿಂದೆ ಬಾಯ್ಲರು. ಮುಂದೆ ಇಸ್ತ್ರಿಪೆಟ್ಟಿಗೆಯ ಕಾವು, ಹಿಂದೆ ತಗಡಿನ ಕಾವು. ರೊಟ್ಟಿಯನ್ನಾದರೂ ನಡುವೆ ಒಮ್ಮೆ ಮಗುಚುತ್ತಾರೆ. ಅಕ್ಕ ಇಪ್ಪತ್ತೆಂಟು ಹಲಗೆಗಳನ್ನು ಆ ತಗಡಿಗೆ ಅಂಟಿಸಿ, ಮಸಿ ಬಿಳಿ ಬಟ್ಟೆಗೆ ಹತ್ತದಂತೆ ಮೇಲೆ ದಪ್ಪ ಕ್ಯಾನ್‌ವಾಸು ಹೊಲಿದಳು. ಸಾಲಿನ ಮೊದಲನೆಯವಳನ್ನು ಎಲ್ಲರೂ ಗಂಜಿ ಎನ್ನುತ್ತಾರೆ, ಮಾತು ಅಷ್ಟು ಗರಿಗರಿ. ಅವಳು ಸೊಂಟದ ಮೇಲೆ ಕೈಯಿಟ್ಟು ಇದನ್ನೆಲ್ಲ ನೋಡುತ್ತಿದ್ದಳು.

“ಅಕ್ಕಾ, ಇದೇನು, ಸೀದುಹೋದ ಬ್ರೆಡ್ಡು ತಂದು ಗೋಡೆಗೆ ಮೆತ್ತುತಾ ಇದೀರಾ?”

“ಕೈ ಇಟ್ಟು ನೋಡೇ.”

“ಇಡ್ತೀನಿ. ಸುಟ್ಟಿತೋ, ನಿಮ್ಮ ಜಡೆ ಹಿಡಿದು ಇದೇ ಗೋಡೆಗೆ ಒರಗಿಸ್ತೀನಿ.”

ಇಟ್ಟಳು. ಆಮೇಲೆ ತಿರುಗಿ, ಎರಡೂ ಕೈ ಹಿಂದಕ್ಕೆ ಚಾಚಿ ಅಂಗೈಗಳನ್ನು ಗೋಡೆಗೆ ಊರಿ, ಪೂರಾ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು. “ಯಾರೂ ಮಾತಾಡಿಸ್ಬೇಡಿ. ನಾನು ಸತ್ತು ಸ್ವರ್ಗಕ್ಕೆ ಬಂದಿದೀನಿ. ಇಲ್ಲೂ ಲಾಂಡ್ರಿನೇ ಇದೆ, ಆದ್ರೆ ಪರವಾಗಿಲ್ಲ.”

ಅಂದಿನಿಂದ ಆ ಕೋಣೆಗೆ ಗಂಜಿಯದೇ ಕಾನೂನು: ಹತ್ತು ಬಟ್ಟೆಗೆ ಒಂದು ಒರಗು. ಹತ್ತನೆಯದನ್ನು ಮಡಿಸಿಟ್ಟು, ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿ ಗೋಡೆಗೆ ಒರಗುವುದು, ಇಪ್ಪತ್ತು ಎಣಿಸುವುದು, ಮತ್ತೆ ಪೆಟ್ಟಿಗೆ ಹಿಡಿಯುವುದು. ಆರು ಜನ, ದಿನಕ್ಕೆ ಹತ್ತಾರು ಸಲ, ನಾಲ್ಕು ತಿಂಗಳು. ಈ ಲೆಕ್ಕ ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಯ್ಲರಿನ ವಾರ್ಷಿಕ ತಪಾಸಣೆಗೆಂದು ತಾವು ಬಂದಿರಿ. ಗೋಡೆ ನೋಡಿದಿರಿ. ತಮ್ಮ ಪಟ್ಟಿಯಲ್ಲಿ ಹನ್ನೊಂದು ಸುಡುವಸ್ತುಗಳಿವೆ, ಹನ್ನೆರಡನೆಯದಕ್ಕೆ ಜಾಗವಿಲ್ಲ. ತಾವು ಕೇಳಿದ ಪ್ರಶ್ನೆಗಳು ಮೂರು. ಗಿಡದಿಂದ ಬಂದದ್ದೋ? ಹೌದು. ಗೂಡಿನಲ್ಲಿ ಬೆಂದದ್ದೋ? ಹೌದು. ಕಪ್ಪಗಿದೆಯೋ? ಇದೆ. ಹಾಗಾದರೆ ಇದ್ದಿಲು.

“ಸಾರ್, ಇದು ಉರಿಸೋಕೆ ಮಾಡಿದ್ದಲ್ಲ. ಬಿಸಿ ತಡೆಯೋಕೆ ಮಾಡಿದ್ದು. ಒಂದು ಸಲ ಕೈ ಇಟ್ಟು ನೋಡಿ,” ಎಂದಳು ಅಕ್ಕ.

“ಏನಮ್ಮಾ, ಕಪ್ಪಗಿದೆ ತಾನೇ?”

ಗಂಜಿ ತಲೆ ಎತ್ತದೆ ಹೇಳಿದಳು, “ಸಾಹೇಬ್ರೆ, ನಿಮ್ಮ ಬೂಟೂ ಕಪ್ಪಗಿದೆ. ಅದನ್ನೂ ಬರ್ಕೊಳ್ಳಿ.”

ತಾವು ಬರೆದುಕೊಳ್ಳಲಿಲ್ಲ. ನಾನು ಹೇಳುವುದಾದರೆ, ತಮ್ಮ ತಲೆಗೂದಲೂ ಕಪ್ಪಗಿದೆ, ಅದೂ ಗೋರಂಟಿ, ನೀಲಿ ಗಿಡಗಳಿಂದ ಬಂದದ್ದೇ ಎಂದು ಲಾಂಡ್ರಿಗೆ ಬರುವ ತಮ್ಮ ಟವೆಲುಗಳು ಪ್ರತಿ ವಾರ ಸಾಕ್ಷಿ ನುಡಿಯುತ್ತವೆ. ಗೂಡಿನಲ್ಲಿ ಬೇಯುವುದೊಂದು ಬಾಕಿ, ಇಲ್ಲದಿದ್ದರೆ ತಮ್ಮ ಪಟ್ಟಿಯ ಪ್ರಕಾರ ತಾವೂ ಇದ್ದಿಲೇ.

ಮಾದರಿಯೊಂದನ್ನು ಕಚೇರಿಗೆ ಒಯ್ದು ಪರೀಕ್ಷಿಸಿದಿರಿ. ಪರೀಕ್ಷೆ ಎಂದರೆ, ಜವಾನ ಚಹಾ ಕಾಯಿಸುವ ಸ್ಟೌವಿನ ಮೇಲೆ ಅದನ್ನಿಟ್ಟು ಕೂತದ್ದು. ನಾನು ಅಂದು ಅಲ್ಲೇ ಬೆಂಚಿನ ಮೇಲಿದ್ದೆ. ಅರ್ಧ ಗಂಟೆಯಾದರೂ ಜ್ವಾಲೆ ಏಳಲಿಲ್ಲ. ಅಂಚು ಒಂದಿಷ್ಟು ಕೆಂಪಗಾಯಿತು, ಸ್ಟೌ ಆರಿಸಿದೊಡನೆ ಅದೂ ಆರಿತು. ಜವಾನ ಪಾಪ, ಕುತೂಹಲ ತಡೆಯಲಾರದೆ ಮೇಲ್ಮೈಯನ್ನು ಮುಟ್ಟಿ ನೋಡಿ ತಮ್ಮ ಬಾಗಿಲಿಗೆ ಓಡಿ ಬಂದ. “ಸಾರ್, ಕೆಳಗೆ ಬೆಂಕಿ, ಮೇಲೆ ಕೈ ಇಡಬಹುದು ಸಾರ್!” ತಾವು ಕಡತದಿಂದ ಕಣ್ಣು ಕೀಳದೆ ಹೇಳಿದಿರಿ, “ಕೈ ಇಡೋದು ನಮೂನೆಯಲ್ಲಿ ಇಲ್ಲ ಕಣಯ್ಯಾ. ಉರೀತೋ ಇಲ್ಲವೋ, ಅಷ್ಟು ಹೇಳು.” ವರದಿಯಲ್ಲಿ ಹೀಗೆ ಬಂತು: ‘ಮಾದರಿಯು ಹೊತ್ತಿಕೊಳ್ಳಲು ನಿರಾಕರಿಸಿತು.’ ನಿರಾಕರಿಸಿತು! ಇಷ್ಟು ವರ್ಷಗಳ ಸೇವೆಯಲ್ಲಿ ತಮ್ಮ ಮಾತಿಗೆ ಆಗುವುದಿಲ್ಲ ಎಂದ ಮೊದಲ ವಸ್ತು ಅದೇ ಇರಬೇಕು. ಕೋಪ ಬಂದದ್ದು ಸಹಜ.

ಇಲ್ಲಿಗೆ ಮಾನ್ಯರೇ, ನನ್ನ ಪಾಲಿನ ವಿಷಯಕ್ಕೆ ಬಂದೆ. ಏಳು ದಿನದೊಳಗೆ ವಿವರಣೆ ಕೊಡಿ ಎಂದು ತಮ್ಮ ನೋಟಿಸು ಬಂತು. ಅಕ್ಕ ಅದನ್ನು ನನ್ನ ಮುಂದಿಟ್ಟು ಹೇಳಿದಳು, “ನಾಲ್ಕು ಸಾಲು ಬರಿ. ಒಂದು ಸಲ ಬಂದು ಕೈ ಇಟ್ಟು ನೋಡಿ ಅಂತ ಬರಿ. ಸಾಕು.” ನಾನು ನಾಲ್ಕು ಪುಟ ಬರೆದೆ. ವಿರೋಧಾಭಾಸದ ಲಕ್ಷಣ ಬರೆದೆ, ಪಕ್ಷ, ಹೇತು, ದೃಷ್ಟಾಂತ ಎಲ್ಲ ಬರೆದೆ. ಕೊನೆಗೆ, ‘ಒಂದು ಮಗ್ಗುಲಲ್ಲಿ ಎಷ್ಟೇ ಜನ ಬೇಯುತ್ತಿದ್ದರೂ ಇನ್ನೊಂದು ಮಗ್ಗುಲಿಗೆ ಬಿಸಿಯೇ ತಟ್ಟದಂತೆ ಮಾಡುವ ವಸ್ತು ಇದು, ತಮ್ಮ ಕುರ್ಚಿಯನ್ನು ಯಾವುದರಿಂದ ಮಾಡಿಸಿದ್ದೀರಿ ಎಂದು ತಿಳಿಸಿದ್ದರೆ ನಮ್ಮ ಅಕ್ಕನಿಗೆ ಮೂರು ವರ್ಷದ ಪ್ರಯೋಗ ಉಳಿಯುತ್ತಿತ್ತು’ ಎಂಬ ವಾಕ್ಯವನ್ನೂ ಬರೆದೆ. ಬರೆದು ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದೆ. ಲಾಂಡ್ರಿಗೂ ಹೋಗಿ ಓದಿದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಆ ವಾಕ್ಯದ ಕೆಳಗೆ ತಾವು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದನ್ನು ನಾನು ಆಮೇಲೆ ಕಡತದಲ್ಲಿ ನೋಡಿದೆ. ಮೂರನೆಯ ದಿನ ಎರಡೂ ಆದೇಶಗಳು ಒಟ್ಟಿಗೆ ಬಂದವು, ಅವಳಿ ಮಕ್ಕಳ ಹಾಗೆ. ತಂದೆ ತಾವು. ಸೂಲಗಿತ್ತಿ ನಾನು.

ಮೀಟುಗೋಲು ಹಿಡಿದು ಇಬ್ಬರು ಬಂದರು. ಇಪ್ಪತ್ತೇಳು ಹಲಗೆ ಕಿತ್ತರು. ಇಪ್ಪತ್ತೆಂಟನೆಯದು ಮೂಲೆಯ ಹಬೆಕೊಳವೆಯ ಹಿಂದೆ ಅರ್ಧ ಸಿಕ್ಕಿಕೊಂಡಿತ್ತು, ಅಲ್ಲಿಗೆ ಮೀಟುಗೋಲು ಹೋಗಲಿಲ್ಲ, ಬಿಟ್ಟರು. ಹಾಗೇ ಹಿಂದಿನ ಶೆಡ್ಡಿಗೆ ಬಂದು ಕುಲುಮೆಗೆ ಮುದ್ರೆ ಹಾಕಲು ನಿಂತರು. ಕುಲುಮೆ ಆರಿ ಆಗಿನ್ನೂ ಅರ್ಧ ದಿನ. ಒಳಗೆ ಮೂವತ್ತು ಹೊಸ ಹಲಗೆಗಳು ತಣ್ಣಗಾಗುತ್ತಿದ್ದವು. ಅಕ್ಕ ಬಾಗಿಲಿಗೆ ಅಡ್ಡ ನಿಂತು, ಇನ್ನೂ ಬಿಸಿ ಇದೆ, ನಾಳೆ ಬನ್ನಿ ಎಂದಳು. ನಮಗೆ ಬುದ್ಧಿ ಹೇಳ್ತೀಯೇನಮ್ಮಾ ಎಂದು ಅವರು ಅರಗು ಕರಗಿಸಿ ಮುದ್ರೆ ಒತ್ತಿದರು. ಅರಗು ಬಾಗಿಲಿನುದ್ದಕ್ಕೂ ಇಳಿದು ಬೂಟಿನ ಮೇಲೆ ಬಿತ್ತು. ಮತ್ತೆ ಒತ್ತಿದರು, ಮತ್ತೆ ಇಳಿಯಿತು. ಮೂರನೆಯ ಸಲ ಸರ್ಕಾರಿ ಲಾಂಛನ ಮೂಗು ಬಾಯಿ ಒಂದಾಗಿ ಜಾರಿದ್ದನ್ನು ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡು ಹೊರಟುಹೋದರು. ಮರುದಿನ ಬಂದರು. ಬಾಗಿಲು ತಣ್ಣಗಾಗಿದೆಯೇ ಎಂದು ಬೆರಳಿಗೆ ಎಂಜಲು ಹಚ್ಚಿ ಮುಟ್ಟಿ ನೋಡಿದರು, ಆಮೇಲೆ ಒತ್ತಿದರು. ತಮ್ಮ ಇಡೀ ಇಲಾಖೆ ಈ ಪ್ರಕರಣದಲ್ಲಿ ಕಲಿತದ್ದು ಅದೊಂದೇ. ಅದನ್ನೂ ಕಲಿಸಿದ್ದು ಅರಗು.

ಐದನೆಯ ದಿನ ಬೆಳಿಗ್ಗೆ ಗಂಜಿಯ ಮೇಜಿನ ಮೇಲಿದ್ದುದು ತಮ್ಮ ಅಂಗಿಯಾಗಿದ್ದರೆ ಈ ಪತ್ರಕ್ಕೆ ಬಹಳ ಒಪ್ಪುತ್ತಿತ್ತು. ಆದರೆ ಅದು ಯಾವುದೋ ಹೋಟೆಲಿನ ಮೇಜುಬಟ್ಟೆಗಳ ರಾಶಿ. ತಮ್ಮ ಅಂಗಿಗಳು ಮಂಗಳವಾರ ಬರುತ್ತವೆ. ಹಲಗೆ ಕಿತ್ತದ್ದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೀಳುವಾಗ ಎದುರಿಗೇ ನಿಂತು ಬಾಯಿಗೆ ಬಂದದ್ದು ಬೈದವಳು ಅವಳೇ. ನಾಲ್ಕು ದಿನ ಜೋಪಾನವಾಗಿಯೇ ಇದ್ದಳು. ಅಂದು ಹತ್ತನೆಯ ಮೇಜುಬಟ್ಟೆ ಮಡಿಸಿಟ್ಟಳು, ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದಳು. ಗೋಡೆ ಬದಲಾದದ್ದು ಅವಳ ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಒರಗುವ ಭಾರವೆಲ್ಲ ಅಂಗೈ ಮೇಲೆ ಬಿತ್ತು. ಎಡಗೈ ಕೊಳವೆಯ ಪಕ್ಕದ ಆ ಇಪ್ಪತ್ತೆಂಟನೆಯ ಹಲಗೆಯ ಮೇಲೆ ಊರಿತು, ಉಳಿಯಿತು. ಬಲಗೈ ಬರೀ ತಗಡಿನ ಮೇಲೆ.

ಕಿರುಚಿದ್ದು ಪಕ್ಕದವಳು. ಗಂಜಿ “ಅಯ್ಯೋ ನನ್ನ ಮರೆವೇ” ಎಂದಳಂತೆ, ಅಷ್ಟೇ. ತಾವು ಆ ಮಾತನ್ನು ಎಷ್ಟು ಚುರುಕಾಗಿ ಹಿಡಿದುಕೊಂಡಿರಿ! ಘಟನಾ ವರದಿಯಲ್ಲಿ ‘ಸದರಿ ಕಾರ್ಮಿಕಳ ಮರೆವು ಮತ್ತು ನಿರ್ಲಕ್ಷ್ಯ’ ಎಂದು ದಾಖಲಿಸಿದ್ದೀರಿ. ನಿರ್ಲಕ್ಷ್ಯವೆಂದರೆ ಏನು ಸ್ವಾಮಿ? ನಾಲ್ಕು ತಿಂಗಳು ದಿನಕ್ಕೆ ಹತ್ತಾರು ಸಲ ಆಸರೆ ಕೊಟ್ಟ ಗೋಡೆಯನ್ನು ನಂಬುವುದು ನಿರ್ಲಕ್ಷ್ಯವಾದರೆ, ಒಂದೇ ಒಂದು ಸಲ ಮುಟ್ಟಿ ನೋಡಿ ಎಂದು ಇಬ್ಬರು ಅಂಗಲಾಚಿದರೂ ಕೈಯನ್ನು ಜೇಬಿನಿಂದ ತೆಗೆಯದವರ ಗುಣಕ್ಕೆ ಕನ್ನಡದಲ್ಲಿ ಯಾವ ಪದವಿದೆ? ನನಗೆ ತೋಚಿದ ಪದವನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಬಲಗೈಯ ಚರ್ಮ ಬಿಗಿದುಕೊಂಡಿದೆ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟುವುದಿಲ್ಲ. ಇನ್ನಾರು ತಿಂಗಳು ನೋಡೋಣ ಎಂದಿದ್ದಾರೆ ಡಾಕ್ಟರು. ಇಸ್ತ್ರಿಪೆಟ್ಟಿಗೆ ಹಿಡಿಯಲು ಆ ಎರಡು ಬೆರಳೇ ಬೇಕು. ನಾನು ಆಸ್ಪತ್ರೆಗೆ ಹೋದಾಗ ಅವಳು ಎಡಗೈಯಿಂದ ಹಾಸಿಗೆಯ ಹೊದಿಕೆಯ ಸುಕ್ಕನ್ನು ನೀವುತ್ತಾ ಕೂತಿದ್ದಳು. ಅವಳೇ ಶುರುಮಾಡಿದಳು.

“ಮೇಷ್ಟ್ರೇ, ನಿಮ್ಮ ಆ ಕುರ್ಚಿ ಜೋಕು ಚೆನ್ನಾಗಿತ್ತು. ನಾನೂ ನಕ್ಕಿದ್ದೆ.”

“ಅದರಿಂದಲೇ ಆಯಿತಮ್ಮ ಇದೆಲ್ಲ.”

“ಅದೂ ಗೊತ್ತು.” ಇನ್ನೊಂದು ಸುಕ್ಕನ್ನು ನೀವಿ ಹೇಳಿದಳು, “ಇನ್ನೊಂದು ಬರೀರಿ. ಈ ಸಲ ನಮ್ಮನ್ನ ನಗಿಸೋಕೆ ಬರೀಬೇಡಿ. ಅವರನ್ನ ಗೋಡೆ ಹತ್ರ ಕರ್ಕೊಂಡು ಬನ್ನಿ. ಅಷ್ಟು ಮಾಡಿ.”

ಈಗ ಆ ಕೋಣೆ ಹೇಗಿದೆ ಎಂದು ಹೇಳುತ್ತೇನೆ. ಲಾಂಡ್ರಿಯ ಯಜಮಾನರು ಮೇಜಿಗೂ ಗೋಡೆಗೂ ನಡುವೆ ಒಂದು ಹಗ್ಗ ಕಟ್ಟಿ ಅದರ ಮೇಲೆ ಒದ್ದೆ ಹಾಸುಬಟ್ಟೆ ಇಳಿಬಿಟ್ಟಿದ್ದಾರೆ. ಅದು ಅರ್ಧ ಗಂಟೆಯಲ್ಲಿ ಒಣಗಿ ಗರಿಗರಿಯಾಗುತ್ತದೆ. ಗಂಜಿಯ ಜಾಗಕ್ಕೆ ಹೊಸಬಳೊಬ್ಬಳು ಬಂದಿದ್ದಾಳೆ. ಅವಳಿಗೆ ಏನೂ ಆಗುವುದಿಲ್ಲ, ನಿಶ್ಚಿಂತೆಯಿಂದಿರಿ. ಆ ಗೋಡೆ ತಣ್ಣಗಿದ್ದ ದಿನಗಳನ್ನು ಅವಳು ಕಂಡೇ ಇಲ್ಲ. ಅಪಾಯವಿರುವುದು ಸುಖ ಕಂಡ ಉಳಿದ ಐವರಿಗೆ. ನಾನು ಮೊನ್ನೆ ಬಾಗಿಲಲ್ಲಿ ನಿಂತು ನೋಡಿದೆ. ಹತ್ತನೆಯ ಬಟ್ಟೆ ಮಡಿಸಿಟ್ಟಾಗಲೆಲ್ಲ ಒಬ್ಬೊಬ್ಬಳ ಕೈಯೂ ಹಿಂದಕ್ಕೆ ಹೊರಡುತ್ತದೆ, ಹಗ್ಗಕ್ಕೆ ತಾಗಿ ಬೆಚ್ಚಿ ವಾಪಸು ಬರುತ್ತದೆ. ಆ ಹಗ್ಗ ಸಡಿಲವಾಗುತ್ತಿದೆ. ಹಗ್ಗ ಯಾವ ಗಿಡದ ನಾರಿನದೋ ಏನೋ, ಅದನ್ನೂ ಸುಡುವಸ್ತುಗಳ ಪಟ್ಟಿಗೆ ಸೇರಿಸಿ ಬಿಚ್ಚಿಸುವ ಯೋಚನೆ ತಮಗೆ ಬರುವ ಮುಂಚೆ ನನ್ನ ಬೇಡಿಕೆ ಹೇಳಿಬಿಡುತ್ತೇನೆ.

ಬರುವ ಮಂಗಳವಾರ ತಮ್ಮ ಅಂಗಿಗಳನ್ನು ಒಯ್ಯಲು ಜವಾನನನ್ನು ಕಳಿಸಬೇಡಿ, ತಾವೇ ಬನ್ನಿ. ಇಸ್ತ್ರಿ ಕೋಣೆಯ ಮೂಲೆಯಲ್ಲಿ ಗಂಜಿ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಿ. ಎಡಗೈಯನ್ನು ಹಬೆಕೊಳವೆಯ ಪಕ್ಕ ಉಳಿದಿರುವ ಹಲಗೆಯ ಮೇಲಿಡಿ. ಅದು ತಮ್ಮ ಮೊದಲ ಆದೇಶ. ಬಲಗೈಯನ್ನು ಒಂದು ಗೇಣು ಆಚೆ ಬರೀ ತಗಡಿನ ಮೇಲಿಡಿ, ಅದು ಎರಡನೆಯದು. ನಾನು ಎರಡನ್ನೂ ನಿಧಾನವಾಗಿ, ಅಲ್ಪವಿರಾಮಗಳಿಗೂ ಸಲ್ಲಬೇಕಾದ ಗೌರವ ಸಲ್ಲಿಸಿ, ಗಟ್ಟಿಯಾಗಿ ಓದುತ್ತೇನೆ. ಒಟ್ಟು ಒಂದೂಕಾಲು ಪುಟ, ಎರಡು ನಿಮಿಷದ ಮಾತು. ತಮ್ಮದೇ ಗದ್ಯ, ಕೈ ತೆಗೆಯಬೇಡಿ. ಓದಿ ಮುಗಿದ ಮೇಲೆ ಯಾವ ಕೈ ಉಳಿದಿದೆಯೋ ಆ ಕೈಯಿಂದ ಕುಲುಮೆಯ ಬಾಗಿಲಿನ ಮುದ್ರೆ ಒಡೆಯಿರಿ. ಒಳಗೆ ಮೂವತ್ತು ಹಲಗೆಗಳಿವೆ. ಗೋಡೆಗೆ ಬೇಕಾದದ್ದು ಇಪ್ಪತ್ತೇಳು. ಉಳಿದ ಮೂರನ್ನು ತಾವೇ ಒಯ್ಯಿರಿ, ಎಲ್ಲಿಗೆ ಬೇಕಾದರೂ ಅಂಟಿಸಿಕೊಳ್ಳಿ.

ಅಷ್ಟು ಹೊತ್ತು ನಿಲ್ಲಲಾಗುವುದಿಲ್ಲ ಎಂದಾದರೆ ಅಕ್ಕ ಮೊದಲೇ ಹೇಳಿದ್ದ ನಾಲ್ಕು ಸಾಲು ಇಲ್ಲಿವೆ. ಇವನ್ನು ಅವಳೇ ಈಗ ಹೇಳಿ ಬರೆಸಿದಳು. ಒಂದಕ್ಷರ ಸೇರಿಸಿಲ್ಲ.

‘ಸಾರ್, ಇದು ಇದ್ದಿಲಲ್ಲ.
ಬಿಸಿ ತಡೆಯೋಕೆ ಮಾಡಿದ್ದು.
ಐದು ಜನ ಹೆಂಗಸರು ಇನ್ನೂ ಅಲ್ಲೇ ನಿಂತಿದ್ದಾರೆ.
ಒಂದು ಸಲ ಬಂದು ಕೈ ಇಟ್ಟು ನೋಡಿ.’

ಇಂತಿ,
ನಾಲ್ಕು ಸಾಲು ಸಾಕಾಗಿದ್ದಲ್ಲಿ
ನಾಲ್ಕು ಪುಟ ಬರೆದವನು